ಬಿಳಿ ಹುಬ್ಬು

ಸುದ್ದಿ ಬಂದ ಹೊತ್ತಿಗೆ ದೊಡ್ಡಣ್ಣ ಮಹಾರಾಜನ ತಲೆಯ ಮೇಲೆ ವಿಗ್ಗನ್ನು ಅರ್ಧಕ್ಕೆ ಕೂರಿಸಿದ್ದರು. ಹಣೆಯಂಚಿಗೆ ಅಂಟು ಬಳಿದಾಗಿತ್ತು, ಹಿಂಭಾಗವನ್ನು ಎಳೆದು ಕೂರಿಸುವುದು ಬಾಕಿಯಿತ್ತು.

ಮಹಾರಾಜ ಎಂದರೆ ರಾಜ್ಯವಾಳುವವನಲ್ಲ. ಮೀಸೆ ಮೂಡಿದಂದಿನಿಂದ ನಾಟಕದ ಕಂಪನಿಯಲ್ಲಿ ರಾಜನ ಪಾತ್ರವನ್ನೇ ಮಾಡಿಕೊಂಡು ಬಂದ ಬೋಳುತಲೆಯ ನಟ. ಅವನ ಸ್ವಂತ ಹೆಸರು ಅವನ ಹೆಂಡತಿಗೂ ಒಮ್ಮೊಮ್ಮೆ ಮರೆತುಹೋಗುತ್ತಿತ್ತು. ದೊಡ್ಡಣ್ಣನವರ ಹೆಸರೂ ಹಾಗೆಯೇ. ವಿಗ್ಗು ಕಟ್ಟುವ ಆ ಅಂಗಡಿಗೆ ಬರುವವರೆಲ್ಲ, ಅವರಿಗಿಂತ ಹಿರಿಯರು ಕೂಡ, ದೊಡ್ಡಣ್ಣ ಎಂದೇ ಕರೆಯುತ್ತಿದ್ದರು.

"ಅಲ್ಲಾಡಬೇಡವೋ, ಕಿರೀಟ ಬೀಳತ್ತೆ," ಎಂದು ಅವರು ಗದರಿದರು.

"ಕಿರೀಟ ಬೀಳೋಕೆ ಮೊದಲು ತಲೆ ಅಂತ ಒಂದು ನಿಲ್ಲಿಸಿಕೊಡಪ್ಪ. ಹೋದ ನಾಟಕದಲ್ಲಿ ರಾಣಿ ಕಾಲಿಗೆ ಬಿದ್ದಳು, ನನ್ನ ಕೂದಲು ಅವಳ ಕಾಲಿಗೆ ಬಿತ್ತು."

ದೊಡ್ಡಣ್ಣನವರಿಗೆ ನಗು ಬಂತು. ಗೋಡೆಯ ಫೋನು ಬಡಿದುಕೊಂಡಿತು. ಸಾಲಾಗಿಟ್ಟಿದ್ದ ಮರದ ಬುರುಡೆಗಳ ನಡುವೆ ಕೈಹಾಕಿ ರಿಸೀವರ್ ಎತ್ತಿಕೊಂಡರು. ಆ ಕಡೆಯಿಂದ ತಮ್ಮನ ಹೆಂಡತಿಯ ದನಿ, "ಭಾವ," ಎಂದಿತು. ಆಮೇಲೆ ಏನೂ ಇಲ್ಲ. ಉಸಿರು ಮಾತ್ರ ಕೇಳಿಸುತ್ತಿತ್ತು.

"ಬಂದೆ ಕಣಮ್ಮ," ಎಂದರು ದೊಡ್ಡಣ್ಣ.

ರಿಸೀವರ್ ಇಟ್ಟು ಬಂದು ಬಾಚಣಿಗೆ ತೆಗೆದುಕೊಂಡು ಮಹಾರಾಜನ ವಿಗ್ಗನ್ನು ಬಾಚತೊಡಗಿದರು. ಬಾಚಿದ ಕಡೆಯೇ ಬಾಚಿದರು. ಮಹಾರಾಜ ಕನ್ನಡಿಯಲ್ಲಿ ಅವರ ಮುಖ ನೋಡಿದ. ಎದ್ದು ವಿಗ್ಗನ್ನು ತಾನೇ ಕಿತ್ತು ಬುರುಡೆಯ ಮೇಲಿಟ್ಟು, "ನಡಿ, ನಾನೂ ಬರ್ತೀನಿ," ಎಂದ. ಹಣೆಯ ಅಂಟನ್ನು ಒರೆಸಿಕೊಳ್ಳಲು ಇಬ್ಬರಿಗೂ ನೆನಪಾಗಲಿಲ್ಲ. ಬಾಡಿಗೆ ಕಾರಿನವನು ದಾರಿಯುದ್ದಕ್ಕೂ ಆ ಹೊಳೆಯುವ ಹಣೆಯನ್ನು ಕನ್ನಡಿಯಲ್ಲಿ ನೋಡುತ್ತಲೇ ಇದ್ದ.

ಹೋದವನು ದೊಡ್ಡಣ್ಣನವರ ಒಬ್ಬನೇ ತಮ್ಮ. ತಲೆತುಂಬ ಕಪ್ಪು ಸುರುಳಿಗೂದಲು ಇದ್ದುದರಿಂದ ಎಲ್ಲರಿಗೂ ಗುಂಗುರು. ವಿಗ್ಗಿನ ತಳದ ಬಲೆಯ ಕಣ್ಣಿಗೆ ಕೊಕ್ಕೆಸೂಜಿಯಲ್ಲಿ ಒಂದೊಂದೇ ಕೂದಲು ಗಂಟುಹಾಕುವ ಕೆಲಸದಲ್ಲಿ ಅವನ ಕೈಗೆ ಸಮನಾದ ಕೈ ಇರಲಿಲ್ಲ. ಕಟ್ಟಿದ್ದು ಕಾಣಬಾರದು ಎಂದು ಅಪ್ಪ ಹೇಳಿಕೊಟ್ಟಿದ್ದರು. ಗುಂಗುರು ಕಟ್ಟಿದ್ದು ಕಾಣುತ್ತಿರಲಿಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲು ಕಳೆದುಕೊಂಡ ಹೆಂಗಸರು ಅವನ ವಿಗ್ಗು ಹಾಕಿಕೊಂಡು ಮದುವೆಮನೆಗಳಲ್ಲಿ ಓಡಾಡಿ ಬಂದು, "ಯಾರಿಗೂ ಗೊತ್ತಾಗಲಿಲ್ಲ," ಎಂದು ಕಣ್ಣೊರೆಸಿಕೊಂಡು ಹೋಗುತ್ತಿದ್ದರು.

ಅಂಥವನ ಅಂಗಾಲಿನಲ್ಲಿ ಒಂದು ಕಪ್ಪು ಚುಕ್ಕೆ ಕಾಣಿಸಿಕೊಂಡಿತ್ತು. ಕೂದಲಿಗೆ ಬಣ್ಣ ಹಾಕುವ ಕೋಣೆಯಲ್ಲಿ ಬರಿಗಾಲಲ್ಲಿ ಓಡಾಡುವವನು, ಬಣ್ಣದ ಹನಿ ತುಳಿದಿರಬೇಕು ಎಂದುಕೊಂಡರು. ದೊಡ್ಡಣ್ಣನವರೇ ಕೂರಿಸಿಕೊಂಡು ಸ್ಪಿರಿಟ್ ಹಾಕಿ ಉಜ್ಜಿದ್ದರು. ಹೋಗಲಿಲ್ಲ. ಒಳ್ಳೆಯ ಬಣ್ಣ ಕಣೋ, ಈ ಸಲದ ಸರಕು ಗಟ್ಟಿ, ಎಂದು ಅಣ್ಣತಮ್ಮ ನಕ್ಕಿದ್ದರು. ಅದು ಬಣ್ಣದ ಹನಿಯಲ್ಲ, ಮೈಗೆ ಬಣ್ಣ ಕೊಡುವ ಜೀವಕೋಶಗಳಲ್ಲೇ ಹುಟ್ಟಿದ ಕ್ಯಾನ್ಸರ್ ಎಂದು ಗೊತ್ತಾಗುವ ವೇಳೆಗೆ ತೊಡೆಸಂದಿಗೂ ಶ್ವಾಸಕೋಶಕ್ಕೂ ಹಬ್ಬಿತ್ತು.

*

ಆಸ್ಪತ್ರೆಯ ಪಡಸಾಲೆಯಲ್ಲಿ ಗುಂಗುರುವಿನ ಹೆಂಡತಿ ಬೆಂಚಿನ ಮೇಲೆ ಫ್ಲಾಸ್ಕನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ಮಕ್ಕಳಿಲ್ಲದ ದಂಪತಿ. ಅಂಗಡಿಯ ಬಣ್ಣದ ಕೋಣೆ ಇವಳದೇ ರಾಜ್ಯ.

"ಬೆಳಿಗ್ಗೆ ಮದ್ದು ಹಾಕಿಸೋಕೆ ಬಂದಾಗ ಚೆನ್ನಾಗೇ ಮಾತಾಡಿದ್ರು ಭಾವ. ಬಿಸಿನೀರು ಬೇಕು ಅಂದ್ರು. ತರೋಕೆ ಹೋದೆ. ಬರೋದ್ರೊಳಗೆ..." ಎಂದು ಫ್ಲಾಸ್ಕನ್ನು ಅವರ ಕೈಗೆ ಕೊಟ್ಟಳು. "ಇನ್ನೂ ಬಿಸಿ ಇದೆ ನೋಡಿ."

ದೊಡ್ಡಣ್ಣ ಒಳಗೆ ಹೋಗಿ ತಮ್ಮನ ಪಾದ ಮುಟ್ಟಿ, ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಂಡು ಹೊರಗೆ ಬಂದರು. ಡಾಕ್ಟರಮ್ಮ ಅವರಿಗಾಗಿ ಕಾದು ನಿಂತಿದ್ದರು. ಕನ್ನಡಕವನ್ನು ತಲೆಗೇರಿಸಿಕೊಂಡು ಅದನ್ನೇ ಹುಡುಕುವ ಅಭ್ಯಾಸದ ಹೆಣ್ಣುಮಗಳು. ಗುಂಗುರು ಅವರನ್ನು ನಗಿಸುತ್ತಿದ್ದ.

"ಇದು ಕೇಳೋ ಹೊತ್ತಲ್ಲ," ಎಂದರು ಡಾಕ್ಟರಮ್ಮ. "ಆದ್ರೆ ಇದಕ್ಕೆ ಬೇರೆ ಹೊತ್ತೂ ಇಲ್ಲ. ಅವರ ಲಿವರ್‌ನಲ್ಲಿ ಆಮೇಲೆ ಬೆಳೆದ ಗಡ್ಡೆ ಇತ್ತಲ್ಲ, ಅದರಿಂದ ಒಂದು ಚೂರು ತಗೋತೀನಿ. ಶ್ವಾಸಕೋಶದಲ್ಲಿ ಕುಗ್ಗಿದ್ದ ಗಡ್ಡೆಯಿಂದ ಇನ್ನೊಂದು. ಹೊಟ್ಟೆ ಮೇಲೊಂದು, ಪಕ್ಕೆ ಮೇಲೊಂದು ಚಿಕ್ಕ ಗಾಯ, ಹೊಲಿದುಬಿಡ್ತೀವಿ. ಅದೇ ಮದ್ದಿಗೆ ಒಂದು ಕುಗ್ಗಿತು, ಇನ್ನೊಂದು ಯಾಕೆ ಕುಗ್ಗಲಿಲ್ಲ ಅಂತ ನೋಡಬೇಕು. ಮನೆಯವರು ಒಪ್ಪಿದ್ರೆ ಮಾತ್ರ."

ಗುಂಗುರುವಿನ ಹೆಂಡತಿ ತಲೆ ಎತ್ತದೆ, "ಭಾವ ಹೇಳಿದ ಹಾಗೆ," ಎಂದಳು.

"ಅವನು ಏನಾದ್ರೂ ಹೇಳಿದ್ನೇನಮ್ಮ, ಇದರ ವಿಷಯ?"

"ಇಲ್ಲ ಭಾವ. ಸಾಯೋ ಮಾತು ಅವರು ಆಡ್ತಾನೇ ಇರ್ಲಿಲ್ಲ."

ದೊಡ್ಡಣ್ಣ ಕೈಮುಗಿದರು. "ಡಾಕ್ಟರಮ್ಮ, ಬದುಕಿದ್ದಾಗ ನೀವು ಚುಚ್ಚಿದ್ದಕ್ಕೆಲ್ಲ ನಾನು ಬೇಡ ಅಂದಿದ್ನಾ? ಇನ್ನು ಅವನನ್ನ ಬಿಟ್ಟುಬಿಡಿ. ದೇವರು ಹೇಗೆ ಕೊಟ್ಟನೋ ಹಾಗೇ ಅವನ ಕೈಗೆ ಒಪ್ಪಿಸ್ತೀನಿ. ಕುಯ್ದು ಹೊಲಿದು ಒಪ್ಪಿಸಲ್ಲ."

"ಆಗಲಿ," ಎಂದರು ಡಾಕ್ಟರಮ್ಮ. "ಬಲವಂತ ಇಲ್ಲ. ಮನಸ್ಸು ಬದಲಾದ್ರೆ ಮಧ್ಯಾಹ್ನದೊಳಗೆ ಹೇಳಿ. ಆಮೇಲೆ ತಗೊಂಡ್ರೆ ಏನೂ ತಿಳಿಯಲ್ಲ, ಜೀವಕೋಶ ಕೆಟ್ಟುಹೋಗತ್ತೆ."

ಇಲ್ಲ ಎಂದದ್ದಾಯಿತು. ಆದರೆ ಆ ಇಲ್ಲ ಎನ್ನುವುದು ಒಳಗೆ ಇಳಿದು ಕೂರಲಿಲ್ಲ. ದೊಡ್ಡಣ್ಣ ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆದರು. ಆ ತುದಿಯಿಂದ ಈ ತುದಿಗೆ ಬಂದರು. ಕೂತರು, ಎದ್ದರು. ಕಿಟಕಿ ತೆರೆದರು, ಗಾಳಿ ಬಂತೆಂದು ಮುಚ್ಚಿದರು.

"ಕೂತ್ಕೊಳ್ಳೋ ಮಾರಾಯ, ನನ್ನ ಕುತ್ತಿಗೆ ನೋಯ್ತಿದೆ ನಿನ್ನ ನೋಡಿ ನೋಡಿ," ಎಂದ ಮಹಾರಾಜ. ಅವನಿಗೆ ದುಃಖವಾದರೆ ಮಾತು ಹೆಚ್ಚು. "ಗುಂಗುರು ಹುಡುಗ ಆಗಿದ್ದಾಗ ನಮ್ಮ ನಾಟಕಕ್ಕೆ ಹೇಗೆ ನುಗ್ತಿದ್ದ ಗೊತ್ತೇನಮ್ಮ ನಿಂಗೆ? ಬಾಗಿಲಲ್ಲಿ ಕಾವಲಿನವನು ಇರ್ತಿದ್ದ, ಹದ್ದಿನ ಕಣ್ಣು. ಗೋಡೆ ಹಾರೋರನ್ನ ಹಿಡೀತಿದ್ದ, ಹಿತ್ತಲಿಂದ ಬರೋರನ್ನ ಹಿಡೀತಿದ್ದ. ನಿನ್ನ ಗಂಡ ಒಂದು ಮರದ ಬುರುಡೆಗೆ ವಿಗ್ಗು ಹಾಕ್ಕೊಂಡು, ಎದೆಗೆ ಅಪ್ಪಿಕೊಂಡು, ಮುಂಬಾಗಿಲಿಂದಾನೇ ಬರ್ತಿದ್ದ. ಕಾವಲಿನವನು 'ಬೇಗ ಹೋಗು, ರಾಜರು ಕಾಯ್ತಿದಾರೆ' ಅಂತ ತಾನೇ ಬಾಗಿಲು ತೆಗೀತಿದ್ದ!"

ಅವಳು ನಕ್ಕಳು. ನಗುತ್ತಿದ್ದ ಹಾಗೆಯೇ ಅಳು ಬಂದು ಸೆರಗನ್ನು ಬಾಯಿಗೊತ್ತಿಕೊಂಡಳು.

*

ಮುಖವನ್ನು ತಾವೇ ತೊಳೆಯುತ್ತೇನೆ ಎಂದರು ದೊಡ್ಡಣ್ಣ. ನರ್ಸು ಬೋಗುಣಿಯಲ್ಲಿ ನೀರೂ ಬಟ್ಟೆಯೂ ತಂದಿಟ್ಟಳು. ಗುಂಗುರುವಿನ ಹೆಂಡತಿ ಥಟ್ಟನೆ ಎದ್ದುಬಂದು, "ಬೇಡ ಭಾವ, ನಾನು ಮಾಡ್ತೀನಿ," ಎಂದಳು. ಆ ದನಿಯಲ್ಲಿ ಏನೋ ಗಾಬರಿ ಇತ್ತು.

"ಚಿಕ್ಕವನಿದ್ದಾಗ ನಾನೇ ತೊಳೀತಿದ್ದೆ ಕಣಮ್ಮ. ಒಂದು ಸಲ ಬಿಡು."

ಫ್ಲಾಸ್ಕಿನ ಬಿಸಿನೀರನ್ನೂ ಬೋಗುಣಿಗೆ ಬೆರೆಸಿ ಹಣೆ ಒರೆಸಿದರು. ಕೆನ್ನೆ ಒರೆಸಿದರು. ಬಟ್ಟೆ ಹಿಂಡುವಾಗ ನೋಡಿದರೆ ಬಟ್ಟೆಗೆ ಮೈಬಣ್ಣ ಹತ್ತಿತ್ತು. ದೊಡ್ಡಣ್ಣನವರಿಗೆ ಆ ಬಣ್ಣದ ಪರಿಚಯ ಯಾರೂ ಮಾಡಿಕೊಡಬೇಕಾಗಿರಲಿಲ್ಲ. ಅವರದೇ ಅಂಗಡಿಯದು, ನಟರ ಮುಖಕ್ಕೆ ಬಳಿಯುವ ಕಡ್ಡಿಬಣ್ಣ. ರಂಗದ ದೀಪಕ್ಕೂ ಬೆವರಿಗೂ ಜಗ್ಗದ್ದು. ಮತ್ತೊಮ್ಮೆ ಒತ್ತಿ ಒರೆಸಿದರು. ಕಣ್ಣ ಸುತ್ತ ಹಾಲು ಚೆಲ್ಲಿದ ಹಾಗೆ ಬಿಳಿ ಮಚ್ಚೆ. ಕುತ್ತಿಗೆಯಲ್ಲಿ ಇನ್ನೊಂದು. ಹುಬ್ಬಿನ ಮೇಲೆ ಬಟ್ಟೆ ಎಳೆದರೆ ಕಪ್ಪು ಜಾರಿ ಬಂತು, ಕೆಳಗೆ ಹುಬ್ಬಿನ ಕೂದಲು ಹತ್ತಿಯಂತೆ ಬೆಳ್ಳಗಿತ್ತು. ಬೆರಳಿನಿಂದ ತಲೆಗೂದಲು ಬಿಡಿಸಿದರು. ಬುಡ ಬಿಳಿ, ಮೇಲೆ ಬಣ್ಣ.

ರಂಗಮಂದಿರದ ಹಿಂದಿನ ಸಾಲಿನಲ್ಲಿ ಕೂತು ಯಾರ ತಲೆ ಸ್ವಂತದ್ದು, ಯಾರದು ಕಟ್ಟಿಸಿದ್ದು ಎಂದು ಹೇಳಬಲ್ಲೆನೆಂದು ಊರೆಲ್ಲ ಹೇಳಿಕೊಂಡು ಬಂದವರು ಅವರು. ಆ ಕಣ್ಣಿನ ಮುಂದೆ ತಮ್ಮ ದಿನವೂ ಬಂದು ಕೂತು, "ಏನಣ್ಣ, ಕಾಫಿ ಕೊಡಿಸಲ್ವಾ?" ಎಂದು ಹಲ್ಲು ಬಿಡುತ್ತಿದ್ದ. ಅವರು ಹಲ್ಲನ್ನಷ್ಟೇ ನೋಡಿದ್ದರು.

ಹೊರಗೆ ಬಂದು ಬಣ್ಣ ಹತ್ತಿದ ಬಟ್ಟೆಯನ್ನು ಗುಂಗುರುವಿನ ಹೆಂಡತಿಯ ಮುಂದೆ ಹಿಡಿದರು. "ಇದು ನಿನ್ನ ಕೈ ಕೆಲಸ. ಯಾಕಮ್ಮ?"

ಅವಳು ನೆಲ ನೋಡುತ್ತ ಹೇಳಿದಳು. "ಮದ್ದು ಶುರುವಾಗಿ ಕೆಲವು ತಿಂಗಳಿಗೆ ಹುಬ್ಬು ಬೆಳ್ಳಗಾಯ್ತು. ಆಮೇಲೆ ತಲೆಗೂದಲು, ಮೈ. ತೊನ್ನು ಅಂತ ಜನ ಅಂತಾರೆ ಅಂತ ಅವರಿಗೆ ನಾಚಿಕೆ, ಅದೊಂದು ಕಡೆ ಇರ್ಲಿ. ಡ್ರಿಪ್ ಹಾಕೋ ಕೋಣೇಲಿ ಪಕ್ಕದ ಕುರ್ಚಿ ಮೇಷ್ಟ್ರು ಇದಾರಲ್ಲ, ಅವರಿಗೆ ಮೈಯೆಲ್ಲ ದದ್ದೆದ್ದಿತು ಅಂತ ಡಾಕ್ಟರಮ್ಮ ಮದ್ದು ನಿಲ್ಲಿಸಿಬಿಟ್ರು. ಇವರು ಹೆದರಿಕೊಂಡ್ರು. 'ನನ್ನ ಮೈ ನೋಡಿದ್ರೆ ನಂಗೂ ನಿಲ್ಲಿಸ್ತಾರೆ ಕಣೇ, ಬಳಿದುಬಿಡು' ಅಂದ್ರು. ಆಸ್ಪತ್ರೆಗೆ ಬರೋ ಮುಂಚೆ ಪ್ರತಿಸಲ ಬಳಿದೆ. ಇವತ್ತು ಬೆಳಿಗ್ಗೆನೂ ಬಳಿದೆ. 'ಚೆನ್ನಾಗಿದೀನಾ?' ಅಂದ್ರು. ಹ್ಞೂ ಅಂದೆ."

ದೊಡ್ಡಣ್ಣನವರಿಗೆ ಅವಳ ಮೇಲೆ ಕೋಪ ಬರಲಿಲ್ಲ. ಬಂದ ಕೋಪವೆಲ್ಲ ಡಾಕ್ಟರಮ್ಮನ ಮೇಲೆ ತಿರುಗಿತು. ಬಾಗಿಲು ಬಡಿಯದೆ ಅವರ ಕೋಣೆಗೆ ನುಗ್ಗಿದರು.

"ಬನ್ನಿ ಇಲ್ಲಿ. ನಿಮ್ಮ ಮದ್ದು ನನ್ನ ತಮ್ಮನ್ನ ಏನು ಮಾಡಿದೆ ಅಂತ ಬಂದು ನೋಡಿ. ಇನ್ನೂ ಕುಯ್ಯಬೇಕಾ ಅವನನ್ನ?"

ಡಾಕ್ಟರಮ್ಮ ಬಂದರು. ಬಗ್ಗಿ ನೋಡಿದರು. ಕನ್ನಡಕಕ್ಕಾಗಿ ಮೇಜು ತಡಕಿ, ತಲೆಯಿಂದ ಇಳಿಸಿಕೊಂಡು ಮತ್ತೆ ನೋಡಿದರು. ಬಿಳಿ ಹುಬ್ಬಿನ ಮೇಲೆ ಒಂದು ಬೆರಳು ಆಡಿಸಿದರು. ಆಮೇಲೆ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತರು.

"ಇದನ್ನ ಯಾಕೆ ಮುಚ್ಚಿಟ್ರು?" ಎಂದರು. ಗದರಿದ ದನಿಯಲ್ಲ. "ಇದು ಕೆಟ್ಟದ್ದಲ್ಲ ದೊಡ್ಡಣ್ಣ. ಮದ್ದು ಕೆಲಸ ಮಾಡ್ತಿದೆ ಅನ್ನೋದಕ್ಕೆ ಇದು ಗುರುತು. ಇದನ್ನ ನೋಡಿದ್ರೆ ನಾನು ಅವರ ಬೆನ್ನು ತಟ್ಟಿ ಸಿಹಿ ಕೊಡಿಸಿ ಅಂತ ಕೇಳ್ತಿದ್ದೆ."

ಗುಂಗುರುವಿನ ಹೆಂಡತಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಮತ್ತೆ ಮೇಷ್ಟ್ರಿಗೆ ಯಾಕೆ ನಿಲ್ಲಿಸಿದ್ರಿ?" ಎಂದರು ದೊಡ್ಡಣ್ಣ.

"ಅವರದು ಬೇರೆ. ಚರ್ಮ ಸುಲಿದುಬರೋ ಹಾಗಿತ್ತು. ಕೆಲವು ವಾರ ನಿಲ್ಲಿಸಿದೆ, ಈಗ ಮತ್ತೆ ಕೊಡ್ತಿದೀನಿ."

"ನಾನು ಬಳೀದೆ ಇದ್ದಿದ್ರೆ ಅವರು ಉಳೀತಿದ್ರಾ?" ಎಂದಳು ಅವಳು.

"ಇಲ್ಲಮ್ಮ," ಎಂದರು ಡಾಕ್ಟರಮ್ಮ ತಕ್ಷಣ. "ಮದ್ದು ಅದೇ ಇರ್ತಿತ್ತು, ಸ್ಕ್ಯಾನು ಅದೇ ಇರ್ತಿತ್ತು. ನೀನು ಏನೂ ಕೆಡಿಸಿಲ್ಲ. ಅವರು ಅಷ್ಟು ದಿನ ಹೆದರಿಕೊಂಡು ಕಳೆಯೋದು ತಪ್ಪುತ್ತಿತ್ತು, ಅಷ್ಟೇ."

ಅಷ್ಟೇ ಎಂದರು. ಆ ಅಷ್ಟೇ ಎನ್ನುವ ಮಾತು ದೊಡ್ಡಣ್ಣನವರ ಎದೆಗೆ ಕಲ್ಲಾಯಿತು. ತಮ್ಮ ಗುಣವಾಗುತ್ತಿದ್ದ ದಿನಗಳನ್ನು ಮದ್ದು ನಿಂತೀತೆಂದು ಹೆದರಿ ಕಳೆದಿದ್ದ. ಬಂದ ಶುಭವನ್ನು ಕಳ್ಳಮಾಲಿನಂತೆ ಮುಚ್ಚಿಟ್ಟಿದ್ದ.

"ಹಾಗಾದ್ರೆ ಯಾಕೆ ಸತ್ತ?" ಎಂದು ಕೇಳಿದರು.

"ಅದನ್ನೇ ಬೆಳಿಗ್ಗೆ ನಿಮ್ಮನ್ನ ಕೇಳಿದ್ದು. ನಂಗೆ ಗೊತ್ತಿಲ್ಲ."

ಡಾಕ್ಟರಮ್ಮ ಹೇಳುತ್ತ ಹೋದರು, ದೊಡ್ಡಣ್ಣ ನಿಂತೇ ಕೇಳಿದರು. ರಕ್ತದಲ್ಲಿ ಕಾವಲುಕಣಗಳಿವೆ. ಮೈಯ ಪ್ರತಿಯೊಂದು ಜೀವಕೋಶವೂ ತನ್ನೊಳಗೆ ಏನು ತಯಾರಾಗುತ್ತಿದೆಯೋ ಅದರ ಚೂರುಗಳನ್ನು ಹೊರಗೋಡೆಗೆ ತಂದು ತೋರಿಸುತ್ತದೆ. ಕಾವಲುಕಣ ಮುಟ್ಟಿ ನೋಡುತ್ತದೆ. ಮನೆಯದಾದರೆ ಮುಂದೆ ಹೋಗುತ್ತದೆ, ಪರಕೀಯವಾದರೆ ಕೊಲ್ಲುತ್ತದೆ. ಮನೆಯವರನ್ನೇ ಕೊಂದುಬಿಡದಿರಲಿ ಎಂದು ಆ ಕಾವಲುಕಣಕ್ಕೊಂದು ಬ್ರೇಕಿದೆ. ಗಡ್ಡೆ ಆ ಬ್ರೇಕನ್ನು ಕಂಡುಹಿಡಿದು ಒತ್ತಿಹಿಡಿಯುತ್ತದೆ. ಕಾವಲುಕಣ ಎದುರಿಗೆ ಬಂದರೂ ಮಂಕಾಗಿ ನಿಲ್ಲುತ್ತದೆ.

"ಅವರಿಗೆ ಕೊಟ್ಟ ಮದ್ದು ಗಡ್ಡೇನ ನೇರವಾಗಿ ಕೊಲ್ಲೋದಲ್ಲ. ಬ್ರೇಕ್ ಮೇಲಿಂದ ಗಡ್ಡೆ ಕೈ ತೆಗೆಸೋದು, ಅಷ್ಟೆ. ಅದಕ್ಕೇ ಅವರ ಕೂದಲು ಉದುರಲಿಲ್ಲ. ಕೈ ತೆಗೆಸಿದ ಮೇಲೆ ಕಾವಲು ಎದ್ದಿತು, ಗಡ್ಡೇನ ತಿಂತು. ಈ ಕ್ಯಾನ್ಸರ್ ಹುಟ್ಟಿದ್ದು ಬಣ್ಣದ ಜೀವಕೋಶದಲ್ಲಿ ನೋಡಿ. ಒಳ್ಳೆ ಬಣ್ಣದ ಜೀವಕೋಶಾನೂ ಅಂಥದೇ ಚೂರು ತೋರಿಸತ್ತೆ. ಅದರ ಮೇಲೂ ಬಿತ್ತು. ಹುಬ್ಬು ಬೆಳ್ಳಗಾಯ್ತು."

"ಲಿವರ್‌ದು?"

"ಅದು ಬೇರೆ ಏನೋ ಮಾಡಿದೆ. ಕೆಲವು ಗಡ್ಡೆ ಚೂರು ತೋರಿಸೋದನ್ನೇ ನಿಲ್ಲಿಸಿಬಿಡತ್ತೆ. ಗೋಡೆ ಖಾಲಿ. ಕಾವಲು ಎಷ್ಟು ಚುರುಕಾಗಿದ್ರೂ ಮುಟ್ಟಿ ನೋಡೋಕೆ ಏನೂ ಇರಲ್ಲ, ದಾಟಿಹೋಗತ್ತೆ. ಇಲ್ಲ, ಬೇರೆ ಇನ್ನೊಂದು ಬ್ರೇಕ್ ಒತ್ತಿರಬಹುದು. ಇಲ್ಲ, ಕಾವಲು ಒಳಗೆ ಬರದ ಹಾಗೆ ಸುತ್ತ ಬೇಲಿ ಹಾಕ್ಕೊಂಡಿರಬಹುದು. ಯಾವುದು ಅಂತ ಗೊತ್ತಾದ್ರೆ, ಮುಂದೆ ಅಂಥವರಿಗೆ ಯಾವ ದಾರಿ ಹಿಡೀಬೇಕು ಅಂತ ಹುಡುಕಬಹುದು. ಬ್ರೇಕ್ ಆದ್ರೆ ಅದನ್ನ ಬಿಡಿಸೋ ಮದ್ದು. ಗೋಡೆನೇ ಖಾಲಿ ಆದ್ರೆ, ಖಾಲಿ ಗೋಡೆ ಕಂಡ್ರೇ ಸಿಟ್ಟಾಗೋ ಬೇರೆ ಜಾತಿ ಕಾವಲುಕಣ ಇದೆ, ಅದನ್ನ ಎಬ್ಬಿಸೋ ದಾರಿ ಹುಡುಕಬೇಕು. ಬದುಕಿದ್ದಾಗ ತೆಗೆಯೋಣ ಅಂದ್ರೆ ಅವರಲ್ಲಿ ಶಕ್ತಿ ಇರ್ಲಿಲ್ಲ. ಈ ಚೂರಿಂದ ನಾಳೆನೇ ಯಾರೋ ಉಳೀತಾರೆ ಅಂತ ನಾನು ಹೇಳಿದ್ರೆ ಸುಳ್ಳಾಗತ್ತೆ. ಹೇಳಲ್ಲ."

ಹಿಂದೆ ನಿಂತಿದ್ದ ಮಹಾರಾಜ, "ಬುರುಡೆ ಹಿಡ್ಕೊಂಡು ಮುಂಬಾಗಿಲಿಂದಾನೇ ಬಂದ್ಬಿಟ್ಟಿದೆ," ಎಂದು ಗೊಣಗಿದ.

*

ದೊಡ್ಡಣ್ಣನವರಿಗೆ ಆ ಕಟ್ಟಡದೊಳಗೆ ನಿಲ್ಲಲಾಗಲಿಲ್ಲ. ಬಣ್ಣ ಬಿಡಿಸುವ ಎಣ್ಣೆ ತರುತ್ತೇನೆ, ನೀರಿಗೆ ಇದು ಪೂರ್ತಿ ಹೋಗುವುದಿಲ್ಲ, ಎಂದು ಹೇಳಿ ಹೊರಟರು. ಅದು ನಿಜವೂ ಆಗಿತ್ತು, ನೆಪವೂ ಆಗಿತ್ತು. ಬಿಸಿಲಲ್ಲಿ ನಡೆದೇ ಹೋದರು. ಎದುರಿಗೆ ಬಂದವರ ಹುಬ್ಬುಗಳೆಲ್ಲ ಅವರ ಕಣ್ಣಿಗೆ ಬೀಳುತ್ತಿದ್ದವು. ಕಪ್ಪು ಹುಬ್ಬು, ಕತ್ತರಿಸಿದ ಹುಬ್ಬು, ಪೆನ್ಸಿಲಿನ ಹುಬ್ಬು. ಯಾರು ಏನನ್ನು ಬಳಿದುಕೊಂಡಿದ್ದಾರೋ ಎಂದು ಜೀವನದಲ್ಲಿ ಮೊದಲ ಬಾರಿಗೆ ಅವರಿಗೆ ತಿಳಿಯಲಿಲ್ಲ.

ಅಂಗಡಿಗೆ ಬೀಗ ಹಾಕದೆ ಹೋಗಿದ್ದರು. ಒಳಗೆ ಎಲ್ಲವೂ ಬೆಳಿಗ್ಗೆ ಬಿಟ್ಟ ಹಾಗೆಯೇ ಇತ್ತು. ಎಣ್ಣೆಯ ಶೀಶೆ ಮೇಲಿನ ಕಪಾಟಿನಲ್ಲಿ. ಅದಕ್ಕೆ ಕೈ ಚಾಚಿದರೆ ಪಕ್ಕದಲ್ಲೇ ಆ ಇನ್ನೊಂದು ವಿಗ್ಗು.

ಕಾಯಿಲೆ ಗೊತ್ತಾದ ವಾರದಲ್ಲಿ ಕೂದಲು ಉದುರುತ್ತದೆಂದೇ ಎಲ್ಲರೂ ತಿಳಿದಿದ್ದರು. ಇಷ್ಟು ವರ್ಷ ಕಂಡದ್ದು ಅದನ್ನೇ. ಉದುರುವ ಮೊದಲೇ ಗುಂಗುರುವಿನ ಕೂದಲು ಕತ್ತರಿಸಿಕೊಂಡು, ಅವನ ಸುರುಳಿಗಳನ್ನು ಅವನಿಗೇ ದೊಡ್ಡಣ್ಣ ತಮ್ಮ ಕೈಯಿಂದ ಕಟ್ಟಿದ್ದರು. ಕಣ್ಣು ಮಂಜಾಗುವ ತನಕ ಕೂತು, ಗಂಟು ಗಂಟಿಗೂ ದೇವರ ಹೆಸರು ಹೇಳಿಕೊಂಡು ಕಟ್ಟಿದ್ದರು. ಕೂದಲು ಉದುರಲಿಲ್ಲ, ಮತ್ತೆ ಬೆಳೆಯಿತು. "ಅಣ್ಣ, ನೀನು ಕಟ್ಟಿದ್ದು ಹಾಳಾಗಬಾರದು, ನಾಡಿದ್ದು ತಲೆ ಬೋಳಿಸ್ಕೊಂಡು ಬರ್ತೀನಿ," ಎಂದು ತಮ್ಮ ಗೇಲಿ ಮಾಡಿದ್ದ.

ಅದನ್ನು ಕೆಳಗಿಳಿಸಿ ತೊಡೆಯ ಮೇಲಿಟ್ಟುಕೊಂಡು ಕೂತರು. ಕಪ್ಪೆಂದರೆ ಕಪ್ಪು. ಇದು ದೇವರು ಕೊಟ್ಟ ಕೂದಲು. ಅಲ್ಲಿ ಮಲಗಿರುವವನ ತಲೆಯ ಬಿಳಿ ಬುಡ ಯಾರು ಕೊಟ್ಟದ್ದು? ಮದ್ದು ಕೊಟ್ಟದ್ದೆ? ಮದ್ದು ಎಬ್ಬಿಸಿದ್ದು ಮೈಯೊಳಗಿನ ಕಾವಲನ್ನು. ಆ ಕಾವಲನ್ನು ಇಟ್ಟವನು ಯಾರು?

"ಕೊಟ್ಟ ಹಾಗೇ ಒಪ್ಪಿಸ್ತೀನಿ ಅಂತ ದೊಡ್ಡದಾಗಿ ಹೇಳಿಬಂದೆ," ಎಂದು ಗಟ್ಟಿಯಾಗಿಯೇ ದೇವರಿಗೆ ಹೇಳಿದರು. ಅವರು ಮೊದಲಿಂದಲೂ ಹಾಗೆ, ದೇವರ ಜೊತೆ ಪಕ್ಕದ ಮನೆಯವನೊಡನೆ ಮಾತಾಡುವಂತೆ ಮಾತಾಡುವವರು. "ನೀನು ಹೇಗೆ ಕೊಟ್ಟೆ ಅಂತ ನಂಗೆಲ್ಲಿ ಗೊತ್ತು? ನಾನು ನೋಡೇ ಇರ್ಲಿಲ್ಲವಲ್ಲ. ಏನು ಮಾಡ್ಲಿ ಹೇಳು."

ಹೊರಗೆ ಲಾರಿಯೊಂದು ಹಾದುಹೋಯಿತು, ಬುರುಡೆಗಳೆಲ್ಲ ಕಪಾಟಿನಲ್ಲಿ ಸ್ವಲ್ಪ ನಡುಗಿದವು. ದೊಡ್ಡಣ್ಣ ಶೀಶೆಯನ್ನೂ ಕತ್ತರಿಯನ್ನೂ ಚೀಲಕ್ಕೆ ಹಾಕಿಕೊಂಡು ಎದ್ದರು. ಇನ್ನೂ ಏನನ್ನೂ ತೀರ್ಮಾನಿಸಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಕೋಣೆಗೆ ಹೋಗಬೇಕಾದರೆ ಡ್ರಿಪ್ ಹಾಕುವ ಕೋಣೆಯನ್ನು ದಾಟಬೇಕು. ತಮ್ಮನ ಜೊತೆ ಎಷ್ಟೋ ಸಲ ಬಂದು ಕೂತ ಜಾಗ. ತಲೆ ತಗ್ಗಿಸಿ ದಾಟುತ್ತಿದ್ದವರನ್ನು ಒಂದು ದನಿ ಹಿಡಿದು ನಿಲ್ಲಿಸಿತು.

"ದೊಡ್ಡಣ್ಣ! ಎಲ್ಲಿ ನಮ್ಮ ಗುಂಗುರು? ಇವತ್ತು ಲೇಟು. ಹಾಜರಿ ಕೂಗಿ ಆಯ್ತು."

ಮೇಷ್ಟ್ರು. ಕೈಗೆ ಸೂಜಿ ಚುಚ್ಚಿಸಿಕೊಂಡು, ತೊಡೆಯ ಮೇಲೆ ಪತ್ರಿಕೆ ಹರಡಿಕೊಂಡು ಕೂತಿದ್ದರು. ಅವರ ಪಕ್ಕದ ಕುರ್ಚಿ ಖಾಲಿಯಿತ್ತು. ಅದರ ಮೇಲೆ ಯಾರೂ ಕೂರದ ಹಾಗೆ ತಮ್ಮ ಚೀಲ ಇಟ್ಟಿದ್ದರು.

"ಅವನು ಹೋದ, ಮೇಷ್ಟ್ರೆ. ಬೆಳಿಗ್ಗೆ."

ಮೇಷ್ಟ್ರು ಪತ್ರಿಕೆಯನ್ನು ಮಡಿಸಿದರು. ಬಿಡಿಸಿ ಮತ್ತೆ ಮಡಿಸಿದರು. ಕೊನೆಗೆ ತಲೆಯ ಮೇಲೆ ತೂಗುತ್ತಿದ್ದ ಬಾಟಲಿಯನ್ನು ನೋಡಿದರು.

"ನಂಗೂ ಇದೇ ಮದ್ದು," ಎಂದರು. ಚೀಲವನ್ನು ಕುರ್ಚಿಯಿಂದ ತೆಗೆಯಲು ಕೈ ಚಾಚಿದವರು ತೆಗೆಯದೆ ಬಿಟ್ಟರು.

ದೊಡ್ಡಣ್ಣ ಅವರ ಭುಜ ಮುಟ್ಟಿದರು. ಅವರ ಹುಬ್ಬಿನತ್ತ ನೋಡಿದರು. ಅಂಚಿನಲ್ಲಿ ಒಂದೆರಡು ಬಿಳಿ ಕೂದಲು.

"ಮೇಷ್ಟ್ರೆ, ಹುಬ್ಬು ಬೆಳ್ಳಗಾಗ್ತಿದೆ."

"ಹೌದಾ?" ಎಂದು ಮೇಷ್ಟ್ರು ಗಾಬರಿಯಿಂದ ಹುಬ್ಬು ಮುಚ್ಚಿಕೊಂಡರು.

"ಮುಚ್ಚಬೇಡಿ. ವಯಸ್ಸಿಂದೋ ಮದ್ದಿಂದೋ ನಂಗೆ ಗೊತ್ತಿಲ್ಲ. ಡಾಕ್ಟರಮ್ಮಂಗೆ ತೋರಿಸಿ. ಒಳ್ಳೇದೂ ಆಗಿರಬಹುದು."

ಅಷ್ಟು ಹೇಳಿ ದಾಪುಗಾಲಿಟ್ಟು ನಡೆದರು. ನಿಂತರೆ ಮತ್ತೆ ಮನಸ್ಸು ಹಿಂದೆ ಸರಿದೀತೆಂಬ ಭಯ. ಡಾಕ್ಟರಮ್ಮ ಎದ್ದು ನಿಲ್ಲುವ ಮೊದಲೇ, "ತಗೊಳ್ಳಿ," ಎಂದರು. "ಎರಡು ಕಡೆಯಿಂದಾನೂ ತಗೊಳ್ಳಿ. ಆದ್ರೆ ಹೊಲಿಗೆ ನೀಟಾಗಿರಲಿ. ನನ್ನ ತಮ್ಮನಿಗೆ ಕೆಟ್ಟ ಹೊಲಿಗೆ ಕಂಡ್ರೆ ಆಗ್ತಿರ್ಲಿಲ್ಲ."

"ನಾನೇ ಹಾಕ್ತೀನಿ," ಎಂದರು ಡಾಕ್ಟರಮ್ಮ. "ಗೊತ್ತಾಗಿದ್ದನ್ನ ನಿಮ್ಮ ಅಂಗಡಿಗೆ ಬಂದು ಹೇಳ್ತೀನಿ. ಗೊತ್ತಾಗದಿದ್ರೂ ಬಂದು ಹೇಳ್ತೀನಿ."

*

ಬಾಗಿಲು ಮುಚ್ಚಿದ ಮೇಲೆ ಮೂವರೂ ಪಡಸಾಲೆಯಲ್ಲಿ ಕಾದರು. ಮಹಾರಾಜ ಹಣೆಯ ಒಣಗಿದ ಅಂಟನ್ನು ಉಗುರಿನಿಂದ ಕೆರೆದು ಕೆರೆದು ಚಕ್ಕೆ ತೆಗೆಯುತ್ತಿದ್ದ. ದೊಡ್ಡಣ್ಣ ಮತ್ತೆ ತುದಿಯಿಂದ ತುದಿಗೆ ನಡೆದರು. ಮಾಡಿದ್ದು ಸರಿಯೆಂದೂ ಅನಿಸಲಿಲ್ಲ, ತಪ್ಪೆಂದೂ ಅನಿಸಲಿಲ್ಲ. ಒಳಗೆ ಅವನ ಮೈಮೇಲೆ ಕತ್ತರಿ ಆಡುತ್ತಿದೆ ಎಂಬುದೊಂದೇ ಗೊತ್ತಿತ್ತು. ಒಮ್ಮೆ ಬಾಗಿಲ ತನಕ ಹೋಗಿ ನಿಲ್ಲಿಸಿ ಎನ್ನಲು ಕೈಯೆತ್ತಿದರು. ಗುಂಗುರುವಿನ ಹೆಂಡತಿ ಎದ್ದು ಬಂದು ಆ ಕೈಯನ್ನು ಹಿಡಿದುಕೊಂಡಳು. ಮದುವೆಯಾಗಿ ಬಂದಂದಿನಿಂದ ಅವಳು ಭಾವನ ಕೈ ಹಿಡಿದಿರಲಿಲ್ಲ.

"ಕೂತ್ಕೊಳ್ಳಿ ಭಾವ," ಎಂದಳು. ಕೂತರು.

ಒಳಗೆ ಕರೆದಾಗ ಹೊಲಿಗೆಯನ್ನು ನೋಡಲಿಲ್ಲ. ಹೊದಿಕೆ ಎದೆಯ ತನಕ ಎಳೆದಿತ್ತು, ಅದನ್ನು ಹಾಗೆಯೇ ಬಿಟ್ಟರು. ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು ಬೆಚ್ಚಗೆ ಮಾಡಿ ತಮ್ಮನ ಮುಖಕ್ಕೆ ಸವರಿದರು. ಗುಂಗುರುವಿನ ಹೆಂಡತಿ ಬಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಬಂದಳು. ತಾನು ಬಳಿದದ್ದನ್ನು ತಾನೇ ಒರೆಸಿದಳು. ಕಣ್ಣ ಸುತ್ತ, ಕುತ್ತಿಗೆ, ಕಿವಿಯ ಹಿಂದೆ, ಕೈ ಬೆರಳುಗಳ ಸಂದಿ. ಎಲ್ಲೆಲ್ಲಿ ಎಂದು ಅವಳಿಗೆ ಮಾತ್ರ ಗೊತ್ತಿತ್ತು.

ತಲೆಗೂದಲಿನ ಬಣ್ಣ ಎಣ್ಣೆಗೆ ಬಿಡುವಂಥದ್ದಲ್ಲ. ದೊಡ್ಡಣ್ಣ ಕತ್ತರಿ ತೆಗೆದು ಬಣ್ಣವಿದ್ದಷ್ಟನ್ನು ಬುಡಕ್ಕೆ ಕತ್ತರಿಸುತ್ತ ಬಂದರು. ಹಾಸಿಗೆಯ ಮೇಲೆ ಕಪ್ಪು ಉದುರಿತು. ಉಳಿದದ್ದು ಗಿಡ್ಡವಾದ ಬಿಳಿ ಕೂದಲು, ಅದೂ ಸುರುಳಿ ತಿರುಗಲು ಹವಣಿಸುತ್ತಿತ್ತು.

ಮಹಾರಾಜ ಬಾಗಿಲಲ್ಲಿ ನಿಂತು ನೋಡಿದ. "ಅಪ್ಪನ ಹಾಗೆ ಕಾಣ್ತಾನೆ ಕಣೋ," ಎಂದ. "ಜನ ನೋಡ್ತಾರಲ್ಲ ಹೀಗೆ. ಪರವಾಗಿಲ್ವಾ?"

"ನೋಡಲಿ," ಎಂದರು ದೊಡ್ಡಣ್ಣ.

ಮುಖ ಮುಚ್ಚದೆ ಸಾಗಿಸಬೇಕೆಂದು ಹೇಳಿದರು. ಸಂಜೆಯ ಬಿಸಿಲಿನಲ್ಲಿ ಅಂಗಡಿಯ ಬೀದಿಯಲ್ಲಿ ಹಾದುಹೋಗುವಾಗ ಜನ ನೋಡಿದರು. ಯಾರೋ ತೊನ್ನು ಎಂದು ಪಿಸುಗುಟ್ಟಿದ್ದೂ ಅವರ ಕಿವಿಗೆ ಬಿತ್ತು. ಗುಂಗುರುವಿನ ಹೆಂಡತಿ ಆ ಕಡೆ ತಿರುಗಿ, ಎಲ್ಲರಿಗೂ ಕೇಳಿಸುವ ಹಾಗೆ, "ಮದ್ದು ಕೆಲಸ ಮಾಡಿತ್ತು," ಎಂದಳು.

ಸ್ಮಶಾನದಲ್ಲಿ ಕೊನೆಯ ಹೊತ್ತಿಗೆ, ಎಲ್ಲರೂ ಹಿಂದೆ ಸರಿದ ಮೇಲೆ, ದೊಡ್ಡಣ್ಣ ತಮ್ಮನ ಪಕ್ಕದಲ್ಲಿ ಮಂಡಿಯೂರಿ, ಆ ಬಿಳಿ ಹುಬ್ಬುಗಳನ್ನು ಹೆಬ್ಬೆರಳಿನಿಂದ ನೇವರಿಸಿ, ಕೈಮುಗಿದರು.

"ಭಗವಂತ, ಇವನು ನನ್ನ ತಮ್ಮ. ಕೊಟ್ಟ ಹಾಗೇ ಒಪ್ಪಿಸ್ತೀನಿ ಅಂದಿದ್ದೆ, ಹಾಗೆ ಆಗಲಿಲ್ಲ. ಎರಡು ಚೂರು ಇಲ್ಲೇ ಉಳಿಸಿಕೊಂಡಿದೀನಿ, ಹಿಂದೆ ಬರುವವರಿಗೆ ಬೇಕಾಗಬಹುದು ಅಂತ. ಅದಕ್ಕೆ ಇವನನ್ನ ಏನೂ ಕೇಳಬೇಡ, ನನ್ನನ್ನ ಕೇಳು. ಹೆದರಿ ಹೆದರಿ ದಣಿದಿದಾನೆ. ಇನ್ನು ಯಾವುದನ್ನೂ ಮುಚ್ಚಿಕೊಳ್ಳಬೇಕಾಗಿಲ್ಲ ಅಂತ ನೀನೇ ಹೇಳು. ಇವನ ಮುಖ ತೊಳೆದು ಕಳಿಸಿದೀನಿ, ಗುರುತು ಹಿಡಿ. ಇವನಿಗೆ ಶಾಂತಿ ಕೊಡು. ನಿನ್ನ ಹತ್ತಿರ ಹಾಯಾಗಿ ಮಲಗಲಿ."